ಗ್ಯಾರೇಜಿನ ಹಳೇ ಮರದ ಕೆನೂ ಯಾರು ಮಾಡಿದ್ದು? ಪತ್ತೆ ಹಚ್ಚುವುದು ಹೀಗೆ

ಅಮೆರಿಕದ ಮೇನ್, ಮ್ಯಾಸಚೂಸೆಟ್ಸ್, ನ್ಯೂಯಾರ್ಕ್ ಕಡೆಯಲ್ಲೋ ಕೆನಡಾದ ಒಂಟಾರಿಯೊದಲ್ಲೋ ಸರೋವರದ ಪಕ್ಕದ ಹಳೇ ಮನೆ ಕೊಂಡ ಕನ್ನಡಿಗರಿಗೆ ಒಮ್ಮೊಮ್ಮೆ ಮನೆಯ ಜೊತೆಗೆ ಒಂದು ದೋಣಿಯೂ ಸಿಗುತ್ತದೆ. ಗ್ಯಾರೇಜಿನ ತೊಲೆಗೆ ಹಗ್ಗ ಕಟ್ಟಿ ಬೋರಲಾಗಿ ತೂಗುಹಾಕಿದ, ಧೂಳು ಮುಚ್ಚಿದ, ಹಸಿರು ಬಣ್ಣ ಬಿರಿದುಹೋದ ಮರದ ಕೆನೂ. ಮಾರಿದವರನ್ನು ಕೇಳಿದರೆ ‘ನಮ್ಮ ತಾತನ ಕಾಲದ್ದು, ಓಲ್ಡ್ ಟೌನ್ ಇರಬೇಕು’ ಅನ್ನುತ್ತಾರೆ. ಓಲ್ಡ್ ಟೌನ್ ಅಂದರೆ ಮೇನ್‌ನ ಒಂದು ಕೆನೂ ಕಂಪನಿ, ಆ ಸೀಮೆಯಲ್ಲಿ ಹಳೇ ಕೆನೂ ಅಂದಕೂಡಲೇ ಎಲ್ಲರ ಬಾಯಿಗೂ ಬರುವ ಹೆಸರು ಅದೇ. ಹಾಗಂತ ನಂಬಿ ಸುಮ್ಮನಾಗಬೇಡಿ. ಹೆಸರಿನ ಫಲಕ ಉಳಿದಿರಲಿ, ಬಿದ್ದುಹೋಗಿರಲಿ, ಮಾಡಿದವರ ಕೈಗುರುತು ದೋಣಿಯ ಮರಗೆಲಸದಲ್ಲೇ ಇರುತ್ತದೆ. ನೋಡಬೇಕಾದ ಜಾಗ ಗೊತ್ತಿದ್ದರೆ ಒಂದು ಮಧ್ಯಾಹ್ನದ ಕೆಲಸ.

ಬೇಕಾದ ಸಾಮಾನು ಇಷ್ಟೇ: ಟಾರ್ಚು, ಅಳತೆ ಟೇಪು, ಮೆತ್ತನೆ ಬ್ರಷ್ಷು, ಬಿಳಿ ಕಾಗದ, ಪೆನ್ಸಿಲ್ಲು, ಫೋನು.

ಮೊದಲು ಕೈ ಕಟ್ಟಿಕೊಳ್ಳಿ

ಹಳೇ ಮರದ ಸಾಮಾನು ಕಂಡರೆ ಉಜ್ಜಿ ತೊಳೆದು ವಾರ್ನಿಷ್ ಹೊಡೆಯುವ ಉತ್ಸಾಹ ನಮ್ಮಲ್ಲಿ ಬಹಳ. ಇಲ್ಲಿ ಅದು ಬೇಡ, ಅದಕ್ಕೆ ಎರಡು ಕಾರಣ. ಒಂದು, ಮಾಸಿದ ಅಂಟುಚಿತ್ರ, ಮರಕ್ಕೆ ಗುದ್ದಿದ ಅಂಕಿ, ಕಿತ್ತುಹೋದ ಫಲಕ ಬಿಟ್ಟ ಮೊಳೆತೂತು ಎಲ್ಲವೂ ಸ್ಯಾಂಡ್‌ಪೇಪರಿನ ಎರಡು ಎಳೆತಕ್ಕೆ ಅಳಿಸಿಹೋಗುತ್ತವೆ. ಎರಡನೆಯದು ಆರೋಗ್ಯದ ವಿಷಯ. ಹಳೆಯ ಕೆನೂಗಳ ಹೊರಮೈಗೆ ಹೊದಿಸಿದ ಕ್ಯಾನ್ವಾಸಿನ ಎಳೆಗಳ ಸಂದು ತುಂಬಲು ಬಳಿಯುತ್ತಿದ್ದ ಮಿಶ್ರಣದಲ್ಲಿ ಸೀಸ ಇರುತ್ತಿತ್ತು, ಮೇಲಿನ ಬಣ್ಣದಲ್ಲೂ ಇರುತ್ತಿತ್ತು. ಒಣಗಿದ್ದನ್ನು ಉಜ್ಜಿದರೆ ಆ ಧೂಳು ನೇರ ಶ್ವಾಸಕೋಶಕ್ಕೆ. ಮನೆಯಲ್ಲಿ ಮಕ್ಕಳಿದ್ದರಂತೂ ಗ್ಯಾರೇಜಿನಲ್ಲಿ ಈ ಕೆಲಸವೇ ಬೇಡ.

ಬ್ರಷ್ಷಿನಿಂದ ಜೇಡರಬಲೆ ತೆಗೆದು, ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಸದ್ಯಕ್ಕೆ ಅಷ್ಟು ಸಾಕು.

ಯಾವ ಜಾತಿಯ ಕೆನೂ?

ಹಳೆಯವುಗಳಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಬರ್ಚ್ ಮರದ ತೊಗಟೆ ಹೊದಿಸಿ, ಬೇರಿನ ನಾರಿನಲ್ಲಿ ಹೊಲಿದದ್ದು ಅಲ್ಲಿನ ಮೂಲನಿವಾಸಿಗಳ ವಿದ್ಯೆ. ಅದರ ಮೇಲೆ ಕಾರ್ಖಾನೆಯ ಮುದ್ರೆ ಹುಡುಕಬೇಡಿ, ಅದನ್ನು ಗುರುತಿಸಲು ಮ್ಯೂಸಿಯಮ್ಮಿನವರೇ ಬೇಕು. ಎರಡನೆಯದು ಬರಿಯ ಮರದ್ದು, ಮೇಲೆ ಬಟ್ಟೆಯಿಲ್ಲ. ಒಂಟಾರಿಯೊದ ಪೀಟರ್‌ಬರೊ ಮತ್ತು ಲೇಕ್‌ಫೀಲ್ಡ್ ಊರುಗಳಲ್ಲಿ 1850ರ ದಶಕದಿಂದಲೇ ಜಾನ್ ಸ್ಟೀಫನ್‌ಸನ್, ಥಾಮಸ್ ಗಾರ್ಡನ್ ಮೊದಲಾದವರು ಅಗಲ ಹಲಗೆಗಳನ್ನು ಬಗ್ಗಿಸಿ ಇಂಥವನ್ನು ಮಾಡತೊಡಗಿದರು. ನ್ಯೂಯಾರ್ಕ್ ರಾಜ್ಯದ ಕ್ಯಾಂಟನ್ ಊರಿನ ಜೆ. ಎಚ್. ರಷ್ಟನ್ ಒಂದರ ಅಂಚಿನ ಮೇಲೊಂದು ಹಲಗೆ ಕೂರಿಸಿ ಕಟ್ಟಿದ ದೋಣಿಗಳಂತೂ ಹಗುರಕ್ಕೆ ಹೆಸರುವಾಸಿ. ಆತ 1883ರಲ್ಲಿ ಮಾಡಿದ ‘ಸೈರಿ ಗ್ಯಾಂಪ್’ ಎಂಬ ಪುಟ್ಟ ಕೆನೂವಿನ ತೂಕ ಹತ್ತೂವರೆ ಪೌಂಡು, ಅಂದರೆ ಐದು ಕಿಲೋ ಕೂಡ ಇಲ್ಲ.

ಮೂರನೆಯದು ಮರದ ಮೈಗೆ ಕ್ಯಾನ್ವಾಸ್ ಬಿಗಿದು ಬಣ್ಣ ಬಳಿದದ್ದು. ನಿಮ್ಮ ತೊಲೆಯಲ್ಲಿ ತೂಗುತ್ತಿರುವುದು ಬಹುಮಟ್ಟಿಗೆ ಇದೇ. ಮುಂದಿನ ಮಾತೆಲ್ಲ ಇದರ ಬಗ್ಗೆಯೇ.

ಇದು ಹೇಗೆ ತಯಾರಾಗುತ್ತದೆ ಎಂದು ತಿಳಿದರೆ ಪತ್ತೆ ಸುಲಭ. ಬೋರಲಾದ ದೋಣಿಯ ಆಕಾರದ ಗಟ್ಟಿ ಮರದ ಅಚ್ಚು, ಅದರ ಮೇಲೆ ಅಡ್ಡಡ್ಡಲಾಗಿ ಲೋಹದ ಪಟ್ಟಿಗಳು. ಸೀಡರ್ ಮರದ ಸೀಳುಗಳನ್ನು ಹಬೆಯಲ್ಲಿ ಬೇಯಿಸಿ ಮೆತ್ತಗಾಗಿಸಿ, ಆ ಪಟ್ಟಿಗಳ ಮೇಲೆ ಬಗ್ಗಿಸಿ ಕೂರಿಸುತ್ತಾರೆ. ಇವೇ ರಿಬ್ಬುಗಳು, ದೋಣಿಯ ಪಕ್ಕೆಲುಬು. ಅವುಗಳ ಮೇಲೆ ಉದ್ದುದ್ದಕ್ಕೆ ತೆಳು ಹಲಗೆ ಹಾಸಿ ಹಿತ್ತಾಳೆಯ ಸಣ್ಣ ಮೊಳೆ ಹೊಡೆಯುತ್ತಾರೆ. ಮೊಳೆಯ ತುದಿ ಕೆಳಗಿನ ಲೋಹದ ಪಟ್ಟಿಗೆ ತಾಗಿ ಮಡಿಚಿಕೊಂಡು ಮರಳಿ ರಿಬ್ಬಿಗೇ ಕಚ್ಚಿಕೊಳ್ಳುತ್ತದೆ. ಆಮೇಲೆ ಅಚ್ಚಿನಿಂದ ಎತ್ತಿ, ಸೀಟು, ಅಡ್ಡಪಟ್ಟಿ ಕೂರಿಸಿ, ಕ್ಯಾನ್ವಾಸ್ ಎಳೆದು ಬಿಗಿಯುತ್ತಾರೆ. ಒಂದೇ ಅಚ್ಚಿನ ಮೇಲೆ ವರ್ಷಗಟ್ಟಲೆ ದೋಣಿ ಮಾಡುವುದರಿಂದ ಆಯಾ ಕಾರ್ಖಾನೆಯ ರಿಬ್ಬಿನ ಅಗಲ, ನಡುವಿನ ಅಂತರ, ಮೂತಿಯ ಬಾಗು ಅಷ್ಟಾಗಿ ಬದಲಾಗುವುದಿಲ್ಲ. ನಾವು ನೆಚ್ಚಿಕೊಳ್ಳುವುದು ಇದನ್ನೇ.

ಸ್ಟೆಮ್ಮಿನ ಮೇಲಿನ ಅಂಕಿ

ದೋಣಿಯನ್ನು ಇಳಿಸಿ, ಹುಲ್ಲಿನ ಮೇಲೋ ಮೆತ್ತನೆ ಕಂಬಳಿಯ ಮೇಲೋ ನೆಟ್ಟಗೆ ಇಡಿ. ಎರಡೂ ತುದಿಗಳಲ್ಲಿ ಮೂತಿಯ ಆಕಾರಕ್ಕೆ ಬಾಗಿ ಕೆಳಗಿಳಿದು ತಳದಲ್ಲಿ ಚಾಚಿಕೊಂಡ ಒಂದು ಗಟ್ಟಿ ಮರ ಇರುತ್ತದೆ. ಅದೇ ಸ್ಟೆಮ್. ಒಳಗಡೆ, ತಳಕ್ಕೆ ಬಂದು ಮುಗಿಯುವ ಅದರ ಚಪ್ಪಟೆ ಮೈಯೇ ಎಲ್ಲಕ್ಕಿಂತ ಮುಖ್ಯವಾದ ಜಾಗ. ಓಲ್ಡ್ ಟೌನ್ ಕಂಪನಿ ತನ್ನ ಕ್ರಮಸಂಖ್ಯೆಯನ್ನು ಗುದ್ದುತ್ತಿದ್ದದ್ದು ಇಲ್ಲೇ, ಅದೂ ಎರಡೂ ತುದಿಯಲ್ಲಿ. ಒಂದು ಕಡೆ ಕೊಳೆತಿದ್ದರೆ ಇನ್ನೊಂದು ಕಡೆ ಸಿಕ್ಕೀತು.

ಬಗ್ಗಿ ನೋಡಿದರೆ ಮೊದಲಿಗೆ ಏನೂ ಕಾಣುವುದಿಲ್ಲ. ಎಂಬತ್ತು ತೊಂಬತ್ತು ವರ್ಷಗಳಲ್ಲಿ ಬಳಿದ ವಾರ್ನಿಷ್ಷೆಲ್ಲ ಅಂಕಿಯ ಗುಳಿಯಲ್ಲಿ ತುಂಬಿ, ಮೇಲೆ ಮರಳು, ಪೈನ್ ಮರದ ಸೂಜಿಯೆಲೆಗಳ ಪುಡಿ ಕೂತಿರುತ್ತದೆ. ಟಾರ್ಚನ್ನು ಮೇಲಿಂದ ಬಿಡಬೇಡಿ. ತಳಕ್ಕೆ ಒರಗಿಸಿ ಪಕ್ಕದಿಂದ ಬಿಡಿ, ಗುಳಿಗಳಲ್ಲಿ ನೆರಳು ಬಿದ್ದು ಅಂಕಿ ಎದ್ದು ಕಾಣುತ್ತದೆ. ಟಾರ್ಚನ್ನು ನಾಲ್ಕು ದಿಕ್ಕಿಗೂ ಸರಿಸುತ್ತ ಫೋಟೊ ತೆಗೆದುಕೊಳ್ಳಿ. ಆಗಲೂ ತಿಳಿಯದಿದ್ದರೆ ಬಿಳಿ ಕಾಗದ ಹಾಸಿ ಪೆನ್ಸಿಲ್ಲಿನ ಪಕ್ಕದಿಂದ ಹಗುರವಾಗಿ ತೀಡಿ, ಚಿಕ್ಕಂದಿನಲ್ಲಿ ನಾಣ್ಯದ ಅಚ್ಚು ತೆಗೆದ ಹಾಗೆ. ಮೂರು ಮತ್ತು ಎಂಟು, ಒಂದು ಮತ್ತು ಏಳು ಇಲ್ಲಿ ಸದಾ ಕಾಡುವ ಜೋಡಿಗಳು. ಅನುಮಾನ ಇದ್ದರೆ ಎರಡೂ ಬಗೆಯಲ್ಲಿ ಬರೆದಿಟ್ಟುಕೊಳ್ಳಿ.

ಓಲ್ಡ್ ಟೌನ್‌ನಲ್ಲಿ ಕ್ರಮಸಂಖ್ಯೆಯ ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟು ಎರಡಂಕಿ ಇರುತ್ತದೆ: 15, 16, 17, 18. ಅದು ದೋಣಿಯ ಉದ್ದ, ಅಡಿಗಳಲ್ಲಿ. ಟೇಪು ಹಿಡಿದು ತುದಿಯಿಂದ ತುದಿಗೆ ಅಳೆಯಿರಿ. ಗುದ್ದಿದ್ದು 17, ದೋಣಿ ಹದಿನೇಳು ಅಡಿಯ ಆಸುಪಾಸು ಅಂದರೆ ದಾರಿ ಸರಿಯಾಗಿದೆ.

ಇಲ್ಲಿಂದ ಮುಂದಿನದು ನಿಜಕ್ಕೂ ಖುಷಿಯ ಭಾಗ. ಓಲ್ಡ್ ಟೌನ್‌ನವರು ಒಂದೊಂದು ದೋಣಿಗೂ ಒಂದೊಂದು ಚೀಟಿ ಬರೆದಿಡುತ್ತಿದ್ದರು. ಯಾವ ಮಾಡೆಲ್, ಯಾವ ದರ್ಜೆ, ಅಂಚಿಗೆ ಯಾವ ಮರ, ಹಲಗೆ ಹೊಡೆದದ್ದು ಯಾವತ್ತು, ಕ್ಯಾನ್ವಾಸ್ ಎಳೆದದ್ದು ಯಾವತ್ತು, ಬಣ್ಣ ಯಾವುದು, ಕೊನೆಗೆ ಯಾವ ಊರಿಗೆ ಯಾವ ದಿನ ರವಾನೆ, ಎಲ್ಲವೂ ಅದರಲ್ಲಿ. ಇಂಥ ಎರಡು ಲಕ್ಷಕ್ಕೂ ಹೆಚ್ಚು ಚೀಟಿಗಳು ಉಳಿದಿವೆ. 1979ರಲ್ಲಿ ಹುಟ್ಟಿದ ವುಡನ್ ಕೆನೂ ಹೆರಿಟೇಜ್ ಅಸೋಸಿಯೇಷನ್ನಿನ ಸ್ವಯಂಸೇವಕರು ಅವನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ಸಂಖ್ಯೆ ಕಳಿಸಿದರೆ ನಿಮ್ಮ ದೋಣಿಯ ಚೀಟಿ ಸಿಗುತ್ತದೆ. ಕೆನೆಬೆಕ್ ಮತ್ತು ಕಾರ್ಲ್‌ಟನ್ ಕಂಪನಿಗಳ ಎಷ್ಟೋ ದಾಖಲೆಗಳೂ ಅವರ ಬಳಿ ಇವೆ.

ಚೀಟಿ ಕೈಗೆ ಬಂದ ಮೇಲೂ ಒಮ್ಮೆ ತಾಳೆ ನೋಡಿ. ಚೀಟಿಯಲ್ಲಿ ಮಹಾಗನಿ ಡೆಕ್ (ತುದಿಯ ತ್ರಿಕೋನದ ಹಲಗೆ) ಅಂತಿದ್ದು ನಿಮ್ಮದರಲ್ಲಿ ಆ್ಯಶ್ ಇದ್ದರೆ, ಒಂದೋ ಯಾರೋ ಬದಲಿಸಿದ್ದಾರೆ, ಇಲ್ಲವೇ ಸಂಖ್ಯೆ ತಪ್ಪು ಓದಿದ್ದೀರಿ, ಅದೂ ಅಲ್ಲದಿದ್ದರೆ ಅದು ಓಲ್ಡ್ ಟೌನೇ ಅಲ್ಲ. ಬೇರೆ ಕಂಪನಿಯ ಸಂಖ್ಯೆಗೂ ಓಲ್ಡ್ ಟೌನ್ ಕಡತದಲ್ಲಿ ಯಾವುದೋ ಒಂದು ಚೀಟಿ ಹೊಂದಿಕೊಂಡುಬಿಡಬಹುದು. ಬಹಳ ಜನ ಮೋಸಹೋಗುವುದು ಈ ಜಾಗದಲ್ಲಿ.

ಹೊರಮೈಯಲ್ಲಿ ಬಣ್ಣದಲ್ಲಿ ಬರೆದ ದೊಡ್ಡ ಅಂಕಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಅವು ಬೇಸಿಗೆ ಶಿಬಿರದವರೋ ಬಾಡಿಗೆ ದೋಣಿಯವರೋ ಹಾಕಿಕೊಂಡ ನಂಬರು, ಇಲ್ಲವೇ ರಾಜ್ಯದ ನೋಂದಣಿ. 1972ರ ನವೆಂಬರಿನಿಂದ ಈಚೆಗೆ ಅಮೆರಿಕದಲ್ಲಿ ತಯಾರಾದ ದೋಣಿಗಳಿಗೆ ಹನ್ನೆರಡು ಅಕ್ಷರ-ಅಂಕಿಗಳ ಗುರುತುಸಂಖ್ಯೆ ಕಡ್ಡಾಯ. ಮೊದಲ ಮೂರಕ್ಷರ ತಯಾರಕರದ್ದು, ಓಲ್ಡ್ ಟೌನ್‌ನದು ಎಕ್ಸ್‌ಟಿಸಿ. ಅಂಥದ್ದು ಕಂಡರೆ ಪತ್ತೆ ಅಲ್ಲಿಗೇ ಮುಗಿಯಿತು, ತಾತನ ಕಾಲದ ಕಥೆಯೂ ಮುಗಿಯಿತು.

ಫಲಕ, ಅಂಟುಚಿತ್ರ: ನೋಡಿ, ಆದರೆ ಪೂರ್ತಿ ನಂಬಬೇಡಿ

ತುದಿಗಳಲ್ಲಿ ಅಂಚುಗಳ ನಡುವೆ ಕೂರಿಸಿದ ತ್ರಿಕೋನದ ಹಲಗೆಗೆ ಡೆಕ್ ಅನ್ನುತ್ತಾರೆ. ಮುಂದಿನ ತುದಿ ಯಾವುದು ಅಂತ ಗೊತ್ತಾಗದಿದ್ದರೆ ಸೀಟು ನೋಡಿ. ಮುಂದೆ ಕೂರುವವರಿಗೆ ಕಾಲು ಚಾಚಲು ಜಾಗ ಬೇಕಾದ್ದರಿಂದ ಮುಂದಿನ ಸೀಟು ತುದಿಯಿಂದ ದೂರ, ಹಿಂದಿನದು ತುದಿಗೆ ಹತ್ತಿರ. ಕಂಪನಿಯ ಅಂಟುಚಿತ್ರವೋ ಹಿತ್ತಾಳೆ ಫಲಕವೋ ಇದ್ದರೆ ಸಾಮಾನ್ಯವಾಗಿ ಮುಂದಿನ ಡೆಕ್ಕಿನ ಮೇಲೆ ಇರುತ್ತದೆ. ಬಿದ್ದುಹೋಗಿದ್ದರೂ ಅದರಡಿಯ ಮರ ಬಿಸಿಲು ಕಾಣದೆ ಬೇರೆ ಬಣ್ಣದಲ್ಲಿರುತ್ತದೆ, ಮೊಳೆಯ ತೂತು ಉಳಿದಿರುತ್ತದೆ. ಆ ಮಚ್ಚೆಯ ಆಕಾರವನ್ನೂ ತೂತುಗಳ ಅಂತರವನ್ನೂ ಅಳೆದು ಬರೆದುಕೊಳ್ಳಿ.

ಇದನ್ನು ಪೂರ್ತಿ ಯಾಕೆ ನಂಬಬಾರದು? ಹಳೇ ಅಂಟುಚಿತ್ರಗಳ ಹೊಸ ನಕಲು ದುಡ್ಡು ಕೊಟ್ಟರೆ ಸಿಗುತ್ತದೆ. ದುರಸ್ತಿ ಮಾಡಿದವರು ಒಳ್ಳೆಯ ಮನಸ್ಸಿನಿಂದಲೇ ಅಂಟಿಸಿರುತ್ತಾರೆ, ಎಷ್ಟೋ ಸಲ ತಪ್ಪು ಕಂಪನಿಯದನ್ನು. ದೊಡ್ಡ ಅಂಗಡಿಗಳು ಬೇರೆಯವರು ಮಾಡಿದ ಕೆನೂ ತರಿಸಿ ತಮ್ಮ ಫಲಕ ಹೊಡೆದು ಮಾರುತ್ತಿದ್ದದ್ದೂ ಉಂಟು. ಫಲಕದಲ್ಲಿರುವುದು ಮಾರಿದವರ ಹೆಸರೋ ಮಾಡಿದವರ ಹೆಸರೋ ಅನ್ನುವುದನ್ನು ಬಿಡಿಸಿಕೊಳ್ಳಬೇಕು.

ಇನ್ನು ಕಂಪನಿಗಳ ಒಳನಂಟು. ಓಲ್ಡ್ ಟೌನ್ 1910ರಲ್ಲಿ ಕಾರ್ಲ್‌ಟನ್ನನ್ನು ಕೊಂಡುಕೊಂಡಿತು. ಆಮೇಲೆಯೂ ಕಾರ್ಲ್‌ಟನ್ ಹೆಸರಿನ ಕೆನೂಗಳು ಬಂದವು, ಆದರೆ ಮಾಡಿದ್ದು ಓಲ್ಡ್ ಟೌನ್. ಬಿ. ಎನ್. ಮಾರಿಸ್ ಕಂಪನಿ ವೀಜೀ ಎಂಬ ತನ್ನ ಊರಿನ ಹೆಸರಿನಲ್ಲೇ ಸ್ವಲ್ಪ ಅಗ್ಗದ ಸರಕನ್ನೂ ಮಾರುತ್ತಿತ್ತು. ಕೆನಡಾದಲ್ಲಿ ಇದು ಇನ್ನೂ ಗೋಜಲು. ಫ್ರೆಡರಿಕ್ಟನ್ನಿನ ಚೆಸ್ಟ್‌ನಟ್, ಪೀಟರ್‌ಬರೊ ಕೆನೂ ಕಂಪನಿ, ಕೆನೇಡಿಯನ್ ಕೆನೂ ಕಂಪನಿ ಈ ಮೂರೂ 1920ರ ದಶಕದಲ್ಲಿ ಒಂದೇ ಮಾಲೀಕತ್ವದಡಿ ಬಂದವು, ಮಾರಾಟ ಮಾತ್ರ ಬೇರೆ ಬೇರೆ ಹೆಸರಿನಲ್ಲಿ ನಡೆಯಿತು. ಹಾಗಾಗಿ ಪೀಟರ್‌ಬರೊ ಅಂಟುಚಿತ್ರದ ಕೆಳಗೆ ಚೆಸ್ಟ್‌ನಟ್ ಮೈ ಸಿಕ್ಕರೆ ಆಶ್ಚರ್ಯ ಬೇಡ. ಓಲ್ಡ್ ಟೌನ್‌ನಂಥ ಚೀಟಿಗಳು ಚೆಸ್ಟ್‌ನಟ್‌ಗೆ ಉಳಿದಿಲ್ಲ. ಅದರ ಮೇಲೆ ಅಂಕಿ ಸಿಕ್ಕರೂ ದೋಣಿಯ ಜಾತಕ ತೆಗೆಯಲಾಗುವುದಿಲ್ಲ.

ಮರಗೆಲಸದ ಓದು

ಅಂಕಿಯೂ ಇಲ್ಲ, ಫಲಕವೂ ಇಲ್ಲ ಅಂದಾಗಲೇ ನಿಜವಾದ ಪತ್ತೇದಾರಿಕೆ. ನನ್ನ ಅಭಿಪ್ರಾಯದಲ್ಲಿ ಅಂಕಿ ಸಿಕ್ಕವರೂ ಇದನ್ನು ಬಿಡಬಾರದು.

ಮೊದಲು ಅಂಚು ನೋಡಿ. ಹಳೆಯ ಕ್ರಮದಲ್ಲಿ ರಿಬ್ಬುಗಳ ಮೇಲ್ತುದಿ ಕಾಣದಂತೆ ಉದ್ದಕ್ಕೂ ಒಂದು ತೆಳು ಪಟ್ಟಿ ಮುಚ್ಚಿರುತ್ತದೆ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ತೆರೆದ ಅಂಚು ಬಂತು: ಒಳಪಟ್ಟಿ, ಹೊರಪಟ್ಟಿ, ನಡುವೆ ರಿಬ್ಬಿನ ತುದಿಗಳು, ಅವುಗಳ ಮಧ್ಯೆ ಸಂದು. ದೋಣಿ ಬೋರಲು ಹಾಕಿದರೆ ನೀರು ಆ ಸಂದಿನಿಂದ ಸೋರಿಹೋಗುತ್ತದೆ, ಮರ ಕೊಳೆಯುವುದು ಕಡಿಮೆ. ಕೆಲವು ಕಾಲ ಎರಡೂ ಬಗೆ ಮಾರಾಟದಲ್ಲಿದ್ದವು, ಆದ್ದರಿಂದ ಮುಚ್ಚಿದ ಅಂಚು ಕಂಡ ಮಾತ್ರಕ್ಕೆ 1900ಕ್ಕಿಂತ ಹಿಂದಿನದು ಅಂತ ಹಾರಾಡುವಂತಿಲ್ಲ.

ಒಳಪಟ್ಟಿಗೆ ರಿಬ್ಬು ಹೇಗೆ ಸೇರಿದೆ ನೋಡಿ. ಮಾರಿಸ್ ಕೆನೂಗಳಲ್ಲಿ ಒಳಪಟ್ಟಿಯ ಹೊರಬದಿಗೆ ಒಂದೊಂದು ರಿಬ್ಬಿಗೂ ಒಂದೊಂದು ಗೂಡು ಕೊರೆದು, ತುದಿಯನ್ನು ಅದರೊಳಗೆ ಕೂರಿಸುತ್ತಾರೆ. ಬರಿಗಣ್ಣಿಗೆ ಕಾಣದಿದ್ದರೆ ಬೆರಳು ಆಡಿಸಿ, ತಿಳಿಯುತ್ತದೆ. ಮಾರಿಸ್‌ನ ಇನ್ನೊಂದು ಗುರುತು ಸ್ಟೆಮ್. ಬೇರೆಯವರ ಸ್ಟೆಮ್ ತಳಕ್ಕೆ ಬಂದಾಗಲೂ ಕಿರಿದಾಗಿಯೇ ಇರುತ್ತದೆ, ಇವರದು ಒಳತುದಿಗೆ ಬರುತ್ತ ಅಗಲವಾಗಿ ಹರಡಿಕೊಳ್ಳುತ್ತದೆ. ಹೃದಯದಾಕಾರದ ಡೆಕ್ಕೂ ಅವರದ್ದೇ ಅನ್ನುವಷ್ಟು ಪ್ರಸಿದ್ಧ, ಆದರೆ ಅಂಥ ಡೆಕ್ ಇತರರೂ ಮಾಡಿದ್ದುಂಟು. ಮೂರೂ ಗುರುತು ಒಟ್ಟಿಗೆ ಸಿಕ್ಕರೆ ಮಾತ್ರ ಮಾರಿಸ್ ಅನ್ನಿ. ಮೇನ್‌ನ ವೀಜೀಯಲ್ಲಿದ್ದ ಆ ಕಾರ್ಖಾನೆ 1919ರ ಡಿಸೆಂಬರಿನಲ್ಲಿ ಸುಟ್ಟುಹೋಯಿತು. ಮುಂದಿನ ತುದಿಯ ಬಳಿ ಸಣ್ಣ ಹಿತ್ತಾಳೆ ತಗಡಿನ ಮೇಲೆ ಅಂಕಿ ಉಳಿದಿದ್ದರೆ, ಈವರೆಗೆ ಸಿಕ್ಕ ಇತರ ಮಾರಿಸ್‌ಗಳ ಅಂಕಿಗಳೊಂದಿಗೆ ಹೋಲಿಸಿ ಹೆಚ್ಚುಕಡಿಮೆ ವರ್ಷ ಹೇಳುತ್ತಾರೆ.

ಡೆಕ್ಕೇ ಎರಡು ಮೂರು ಅಡಿ ಉದ್ದ ಇದ್ದು, ನಡುವೆ ಬೆನ್ನುಪಟ್ಟಿ ಇದ್ದು, ಮೂತಿ ಒಳಕ್ಕೆ ಸುರುಳಿಯಂತೆ ಬಾಗಿದ್ದರೆ ಬಾಸ್ಟನ್ ಹತ್ತಿರದ ಚಾರ್ಲ್ಸ್ ನದಿಯ ಕಡೆಗೆ ತಿರುಗಿ. ಆಬರ್ನ್‌ಡೇಲ್, ವಾಲ್ಥಮ್, ಡೆಡಮ್ ಸುತ್ತ ರಾಬರ್ಟ್‌ಸನ್, ಆರ್ನಾಲ್ಡ್, ಬ್ರಾಡ್‌ಬೆಕ್ ಮೊದಲಾದ ತಯಾರಕರಿದ್ದರು. 1897ರಲ್ಲಿ ಅಲ್ಲಿ ನೊರಂಬೇಗಾ ಪಾರ್ಕ್ ತೆರೆದ ಮೇಲೆ ಭಾನುವಾರ ಬಂತೆಂದರೆ ನದಿಯ ತುಂಬ ಜೋಡಿಗಳು. ಕಾಡಿನ ಹೊಳೆಗಲ್ಲ, ಮೆತ್ತೆ ಹಾಕಿ ಒರಗಿ ಕೂರಲಿಕ್ಕೆ ಮಾಡಿದ ದೋಣಿ ಇವು. ಪೊಲೀಸರು ಕೆನೂವಿನಲ್ಲಿ ಮುತ್ತಿಟ್ಟವರ ಮೇಲೆ ಕೇಸು ಹಾಕಿ ಪತ್ರಿಕೆಗಳಲ್ಲಿ ನಗೆಪಾಟಲಾದದ್ದೂ ಆ ಕಾಲದಲ್ಲೇ. ಓಲ್ಡ್ ಟೌನ್‌ನವರು ತಮ್ಮ ಒಂದು ಮಾಡೆಲ್ಲಿಗೆ ‘ಚಾರ್ಲ್ಸ್ ರಿವರ್’ ಅಂತಲೇ ಹೆಸರಿಟ್ಟಿದ್ದರು, ಅದನ್ನೂ ಇದನ್ನೂ ಕಲಸಿಕೊಳ್ಳಬೇಡಿ.

ಈಗ ಟೇಪು ಹಿಡಿಯಿರಿ. ಒಟ್ಟು ಉದ್ದ, ನಡುವಿನ ಅಗಲ, ನಡುವಿನ ಆಳ, ಡೆಕ್ಕಿನ ಉದ್ದ. ರಿಬ್ಬಿನ ಅಗಲವನ್ನು ತಳದಲ್ಲೊಮ್ಮೆ, ಅಂಚಿನ ಹತ್ತಿರ ಇನ್ನೊಮ್ಮೆ ಅಳೆಯಿರಿ. ಕೆಲವರ ರಿಬ್ಬು ಮೇಲೆ ಬರುತ್ತ ಕಿರಿದಾಗುತ್ತದೆ, ಎಷ್ಟು ಕಿರಿದಾಗುತ್ತದೆ ಅನ್ನುವುದು ಒಳ್ಳೆಯ ಸುಳಿವು. ಎರಡು ರಿಬ್ಬುಗಳ ನಡುವಿನ ಅಂತರವೂ ಬೇಕು. ಅಡ್ಡಪಟ್ಟಿಯ ನಡು ಸಣಕಲಾಗಿದೆಯೋ ನೇರವಾಗಿದೆಯೋ, ಸೀಟಿನ ಹೆಣಿಗೆ ಬೆತ್ತದ್ದೋ ತೊಗಲಿನದೋ, ಅದನ್ನು ಹಿಡಿದ ಬೋಲ್ಟಿನ ತಲೆ ದುಂಡಗಿದೆಯೋ ವಜ್ರಾಕಾರವೋ ಬರೆದುಕೊಳ್ಳಿ. ವಜ್ರಾಕಾರದ ತಲೆ ಮೇನ್ ಕಡೆಯ ಹಳೇ ಕೆನೂಗಳಲ್ಲಿ, ಅದರಲ್ಲೂ ಓಲ್ಡ್ ಟೌನ್‌ನಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ವರ್ಷದ ಅಂದಾಜು

ಎಮ್ಮೆ ಕೊಳ್ಳುವವರು ಹಲ್ಲು ನೋಡುವಂತೆ ಇಲ್ಲಿ ಸ್ಕ್ರೂ ನೋಡಬೇಕು. ಕೂಡಿಸುವ ಗುರುತಿನಂತೆ ತಲೆಯಲ್ಲಿ ನಾಲ್ಕು ಸೀಳಿರುವ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದ ಕೊನೆಯ ಭಾಗದಲ್ಲಿ. ಅಂಚಿನುದ್ದಕ್ಕೂ ಅದೇ ಇದ್ದು, ಸುತ್ತ ಹಳೇ ತೂತುಗಳಿಲ್ಲದಿದ್ದರೆ ದೋಣಿ ಅದಕ್ಕಿಂತ ಈಚಿನದು. ಪಕ್ಕದಲ್ಲಿ ಮುಚ್ಚಿದ ಹಳೇ ತೂತುಗಳಿದ್ದರೆ ಅಂಚನ್ನು ಬದಲಿಸಿದ್ದಾರೆ ಅಷ್ಟೇ. ಹೊರಮೈಗೆ ಫೈಬರ್‌ಗ್ಲಾಸ್ ಹೊದಿಸಿದ್ದರಂತೂ ಅದು ಬಹುಪಾಲು ಎರಡನೇ ಮಹಾಯುದ್ಧದ ನಂತರ ಯಾರೋ ಮಾಡಿಸಿದ ಉಪಚಾರ. ಒಳಗಿನ ಮರ ಅದಕ್ಕಿಂತ ಎಷ್ಟೋ ಹಳೆಯದಿರಬಹುದು.

ಕಂಪನಿಯ ಆಯಸ್ಸೂ ನೆರವಿಗೆ ಬರುತ್ತದೆ. ಕ್ಯಾನ್ವಾಸ್ ಕೆನೂವನ್ನು ವ್ಯಾಪಾರಕ್ಕಾಗಿ ಮಾಡಿದ ಮೊದಲಿಗರಲ್ಲಿ ಮೇನ್‌ನ ಬ್ಯಾಂಗರ್‌ನ ಇ. ಎಚ್. ಗೆರಿಶ್ ಹೆಸರು ಬರುತ್ತದೆ, 1870ರ ದಶಕ. ಅದಕ್ಕಿಂತ ಹಿಂದಿನ ಕ್ಯಾನ್ವಾಸ್ ಕೆನೂ ಅಂತ ಯಾರಾದರೂ ಮಾರಲು ಬಂದರೆ ನಗುತ್ತ ಬೀಳ್ಕೊಡಿ. ಕೆನೆಬೆಕ್ ಇದ್ದದ್ದು 1909ರಿಂದ 1941ರವರೆಗೆ. ರಷ್ಟನ್ 1902ರಲ್ಲಿ ‘ಇಂಡಿಯನ್ ಗರ್ಲ್’ ಎಂಬ ಕ್ಯಾನ್ವಾಸ್ ಕೆನೂ ಹೊರತಂದ, 1906ರಲ್ಲಿ ತೀರಿಕೊಂಡ. ಪೀಟರ್‌ಬರೊ 1960ರ ದಶಕದ ಆರಂಭದಲ್ಲಿ ಮುಚ್ಚಿತು, ಚೆಸ್ಟ್‌ನಟ್ 1970ರ ದಶಕದ ಕೊನೆಯಲ್ಲಿ.

ಬಲ್ಲವರನ್ನು ಕೇಳುವಾಗ

ಮೇಲಿನ ಅಸೋಸಿಯೇಷನ್ನಿನಲ್ಲಿ ಫೋಟೊ ನೋಡಿಯೇ ತಯಾರಕರನ್ನು ಹೇಳಬಲ್ಲ ಹಳೇ ಹುಲಿಗಳಿದ್ದಾರೆ. ಪೀಟರ್‌ಬರೊ ಊರಿನ ಕೆನೇಡಿಯನ್ ಕೆನೂ ಮ್ಯೂಸಿಯಮ್ 2024ರಲ್ಲಿ ಹೊಸ ಕಟ್ಟಡಕ್ಕೆ ಬಂದಿದೆ. ಅಲ್ಲಿ ಆರು ನೂರಕ್ಕೂ ಹೆಚ್ಚು ದೋಣಿಗಳಿವೆ. ಒಂಟಾರಿಯೊದಲ್ಲಿರುವವರು ತಮ್ಮ ಅಳತೆಯ ಚೀಟಿ ಹಿಡಿದು ಒಂದು ಸುತ್ತು ಹಾಕಿದರೆ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ. ರಷ್ಟನ್ ಬಗ್ಗೆ ಕುತೂಹಲ ಇದ್ದವರು ನ್ಯೂಯಾರ್ಕ್ ರಾಜ್ಯದ ಬ್ಲೂ ಮೌಂಟನ್ ಲೇಕ್‌ನಲ್ಲಿರುವ ಆ್ಯಡಿರಾಂಡ್ಯಾಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಮ್ಮಿಗೆ ಹೋಗಬೇಕು.

ದೂರದಿಂದ ತೆಗೆದ ಒಂದೇ ಫೋಟೊ ಕಳಿಸಿ ‘ಇದು ಯಾವುದು?’ ಅಂದರೆ ಯಾರಿಗೂ ಹೇಳಲಾಗದು. ಪಕ್ಕದಿಂದ ಪೂರ್ತಿ ಮೈ, ಎರಡೂ ಡೆಕ್ಕು ಮೇಲಿಂದ, ಡೆಕ್ಕಿನ ಕೆಳಮೈ, ಸ್ಟೆಮ್ಮಿನ ಒಳತುದಿ, ಅಂಚಿಗೆ ರಿಬ್ಬು ಸೇರುವ ಜಾಗ ಹತ್ತಿರದಿಂದ, ಸೀಟು ಮತ್ತು ಅಡ್ಡಪಟ್ಟಿ, ಬೋಲ್ಟಿನ ತಲೆ. ಹತ್ತಿರದ ಫೋಟೊಗಳಲ್ಲಿ ಟೇಪು ಕಾಣುವಂತೆ ಇಟ್ಟುಕೊಳ್ಳಿ. ದೋಣಿ ಯಾವ ಊರಿನಲ್ಲಿ ಸಿಕ್ಕಿತು ಅಂತಲೂ ಬರೆಯಿರಿ. ವಿಸ್ಕಾನ್ಸಿನ್‌ನಲ್ಲಿ ಸಿಕ್ಕರೆ ಪೆಶ್ಟಿಗೊ ಊರಿನ ಥಾಂಪ್ಸನ್ ಸಹೋದರರದ್ದಿರುವ ಸಾಧ್ಯತೆಯನ್ನು ಮೊದಲು ನೋಡುತ್ತಾರೆ, ಮೇನ್‌ನಲ್ಲಿ ಸಿಕ್ಕರೆ ಇ. ಎಂ. ವೈಟ್‌ನಂಥವರನ್ನು.

ಬೆಲೆಯ ಮಾತು ಕೊನೆಗೆ. ಓಲ್ಡ್ ಟೌನ್ ಹೆಸರು ದೊಡ್ಡದು, ಆದರೆ ಅವು ಲಕ್ಷಗಟ್ಟಲೆ ತಯಾರಾದವು. ಹೆಸರಿನಿಂದಷ್ಟೇ ದುಡ್ಡು ಬಾರದು, ಸ್ಟೆಮ್ಮಿನ ತುದಿ, ಅಂಚು, ರಿಬ್ಬು ಎಷ್ಟು ಗಟ್ಟಿ ಉಳಿದಿವೆ ಅನ್ನುವುದರ ಮೇಲೆ ಬೆಲೆ. ಅಪರೂಪದವು ರಷ್ಟನ್, ಒಳ್ಳೆಯ ಸ್ಥಿತಿಯ ಮಾರಿಸ್, ಚಾರ್ಲ್ಸ್ ನದಿಯ ಉದ್ದ ಡೆಕ್ಕಿನವು. ಎಲ್ಲ ನೋಡಿಯೂ ಹೆಸರು ಹತ್ತದ ಕೆನೂಗಳೂ ಇದ್ದೇ ಇರುತ್ತವೆ. ಚಳಿಗಾಲದಲ್ಲಿ ಕೊಟ್ಟಿಗೆಯೊಳಗೆ ಕೂತು ನಾಲ್ಕಾರು ದೋಣಿ ಮಾಡಿ ಬಿಟ್ಟವರು ಆ ಸೀಮೆಯಲ್ಲಿ ಕಡಿಮೆಯೇನಿಲ್ಲ, ಅವರು ಫಲಕ ಹೊಡೆದವರಲ್ಲ. ಅಂಥದ್ದನ್ನು ಮಾರುವಾಗ ‘ಮೇನ್ ಶೈಲಿ, ತೆರೆದ ಅಂಚು, ತಯಾರಕರು ತಿಳಿದಿಲ್ಲ’ ಎಂದು ಬರೆದು, ಅಳತೆಗಳನ್ನೂ ಸ್ಟೆಮ್ಮಿನ ಫೋಟೊವನ್ನೂ ಜೊತೆಗೆ ಹಾಕಿ. ‘ಓಲ್ಡ್ ಟೌನ್ ಇರಬಹುದು’ ಅಂತ ಬರೆದರೆ ಕೊಳ್ಳಲು ಬಂದವರು ಮೊದಲು ಟಾರ್ಚು ಹಿಡಿದು ಸ್ಟೆಮ್ಮೇ ನೋಡುತ್ತಾರೆ, ಅಂಕಿ ಕಾಣದಿದ್ದರೆ ಚೌಕಾಸಿಗೆ ಶುರುಮಾಡುತ್ತಾರೆ.